ಮೂರು ಕ್ಯಾಮೆರಾ, ಒಂದೇ ಬಿಳಿ: ರಂಗಮಂಚದ ಚಿತ್ರೀಕರಣದಲ್ಲಿ ವೈಟ್ ಬ್ಯಾಲೆನ್ಸ್ ಹೊಂದಿಸುವ ಕ್ರಮ

ಮಾಟುಂಗದ ಮೈಸೂರು ಅಸೋಸಿಯೇಷನ್ನಿನಿಂದ ಹಿಡಿದು ಕುರ್ಲಾದ ಬಂಟರ ಭವನದವರೆಗೆ, ಮುಂಬಯಿ ಕನ್ನಡಿಗರ ಸಭಾಗೃಹಗಳಲ್ಲಿ ನಡೆಯುವ ಯಕ್ಷಗಾನ, ನಾಟಕ, ರಂಗಪ್ರವೇಶಗಳನ್ನು ಒಂದೇ ಕ್ಯಾಮೆರಾದಲ್ಲಿ ಹಿಡಿಯುವ ಕಾಲ ಹೋಯಿತು. ಎದುರಿಗೆ ಒಂದು ಸೋನಿ, ಬದಿಯಲ್ಲಿ ಬಾಡಿಗೆಗೆ ತಂದ ಕ್ಯಾನನ್, ಹಿಮ್ಮೇಳದ ಪಕ್ಕದಲ್ಲಿ ಸಂಘದ ಯಾರದೋ ಫೋನು. ಎಡಿಟಿಂಗಿಗೆ ಕೂತಾಗ ತೊಂದರೆ ಕಾಣುತ್ತದೆ. ಭಾಗವತರ ಪಂಚೆ ಒಂದು ಶಾಟಿನಲ್ಲಿ ಕೆನೆಬಣ್ಣ, ಮುಂದಿನದರಲ್ಲಿ ತಿಳಿನೀಲಿ, ಫೋನಿನದರಲ್ಲಿ ಹಸಿರು ಬಳಿದಂತೆ. ಪದ್ಯ ಒಂದೇ, ಪಂಚೆ ಮಾತ್ರ ಮೂರು.

ಬೆಳಕು ಯಾವುದೇ ಇರಲಿ, ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾವನ್ನು ಹೊಂದಿಸುವುದೇ ವೈಟ್ ಬ್ಯಾಲೆನ್ಸ್. ಇಂಥಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಎಲ್ಲ ಕ್ಯಾಮೆರಾಗಳಲ್ಲೂ 4300 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಂದು ಒಂದೇ ಅಂಕಿ ಹಾಕುವುದು. ಆಟೋದಲ್ಲಿ ಬಿಡುವುದಕ್ಕಿಂತ ಅದು ಮೇಲು, ಆದರೆ ಅಷ್ಟಕ್ಕೇ ಕ್ಯಾಮೆರಾಗಳು ಹೊಂದುವುದಿಲ್ಲ. ಕೆಲ್ವಿನ್ ಅಂಕಿಯನ್ನು ಒಂದೊಂದು ಕಂಪನಿ ತನ್ನ ಸೆನ್ಸರಿಗೆ ತಕ್ಕಂತೆ ಅರ್ಥ ಮಾಡುತ್ತದೆ. ಒಂದೇ ಬೆಳಕಿನಲ್ಲಿ ಒಂದು ಕ್ಯಾಮೆರಾ 4300 ಎಂದರೆ ಇನ್ನೊಂದು 4600 ಎನ್ನಬಹುದು. ಅಲ್ಲದೆ ಕೆಲ್ವಿನ್ ಹೇಳುವುದು ನೀಲಿ ಮತ್ತು ಹಳದಿಯ ನಡುವಿನ ಸ್ಥಾನವನ್ನು ಮಾತ್ರ. ಎಲ್‌ಇಡಿ ಮತ್ತು ಟ್ಯೂಬ್‌ಲೈಟಿನ ಕೆಳಗೆ ಕಾಡುವ ಹಸಿರು ಛಾಯೆ ಆ ಅಂಕಿಯಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಟಿಂಟ್ ಎಂಬ ಎರಡನೆಯ ಅಳತೆ ಬೇಕು, ಹಸಿರಿನಿಂದ ಮೆಜೆಂಟಾಕ್ಕೆ ಹೋಗುವುದು. ಹಾಗಾಗಿ ಅಂಕಿಗೆ ಅಂಕಿ ಜೋಡಿಸಬೇಡಿ. ಒಂದೇ ಬೆಳಕಿನಲ್ಲಿ ಹಿಡಿದ ಒಂದೇ ಗ್ರೇ ಕಾರ್ಡನ್ನು, ಅಂದರೆ ಬೇರೆ ಛಾಯೆಯಿಲ್ಲದ ಬೂದು ಬಣ್ಣದ ಹಾಳೆಯನ್ನು, ಎಲ್ಲ ಕ್ಯಾಮೆರಾಗಳಿಗೂ ತೋರಿಸಿ.

ಏನೇನು ಬೇಕು

ಒಂದು ಗ್ರೇ ಕಾರ್ಡು, ಎ4 ಅಳತೆಗಿಂತ ಚಿಕ್ಕದಲ್ಲದ್ದು. ಕೋಟೆ ಭಾಗದ ಬೋರಾ ಬಜಾರಿನ ಫೋಟೋ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ‘ವೈಟ್ ಬ್ಯಾಲೆನ್ಸಿಗೆ’ ಎಂದು ಹೇಳಿಯೇ ಕೇಳಿ. ಬರೀ ಎಕ್ಸ್‌ಪೋಶರ್ ಅಳೆಯಲು ಮಾಡಿದ ಅಗ್ಗದ ಕಾರ್ಡುಗಳ ಬೂದು ಬಣ್ಣದಲ್ಲೇ ಒಂದಿಷ್ಟು ಛಾಯೆ ಇರುತ್ತದೆ. ಕೈಗೆ ಎಟಕುವುದಾದರೆ 24 ಬಣ್ಣದ ಚೌಕಗಳ ಕಲರ್ ಚೆಕರ್ ಫಲಕ ಕೂಡ ಇರಲಿ, ಅದರ ಉಪಯೋಗ ಎಡಿಟಿಂಗಿನಲ್ಲಿ. ಇನ್ನು ಎಚ್‌ಡಿಎಂಐ ಒಳಹರಿವು ಇರುವ ಒಂದು ಚಿಕ್ಕ ಮಾನಿಟರ್ ಬೇಕು, ವೆಕ್ಟರ್‌ಸ್ಕೋಪ್ (ಬಣ್ಣ ಯಾವ ಕಡೆ ವಾಲಿದೆ ಎಂದು ಹೇಳುವ ವೃತ್ತ) ಮತ್ತು ಆರ್‌ಜಿಬಿ ಪೆರೇಡ್ (ಕೆಂಪು, ಹಸಿರು, ನೀಲಿಯ ಮಟ್ಟಗಳ ನಕ್ಷೆ) ತೋರಿಸುವಂಥದ್ದು.

ಕಾರ್ಡಿಲ್ಲ ಎಂದು ಜೆರಾಕ್ಸ್ ಕಾಗದ ಹಿಡಿಯುವುದು ಬಹಳ ಸಾಮಾನ್ಯ. ಆ ಕಾಗದಕ್ಕೆ ಬೆಳ್ಳಗೆ ಹೊಳೆಯಲೆಂದು ಬೆರೆಸಿದ ರಾಸಾಯನಿಕವು ಅತಿನೇರಳೆ ಬೆಳಕನ್ನು ಹೀರಿ ನೀಲಿಯಾಗಿ ಹೊರಬಿಡುತ್ತದೆ. ಕ್ಯಾಮೆರಾ ಆ ನೀಲಿಯನ್ನು ಕಳೆಯಲು ಹೋಗಿ ಇಡೀ ಚಿತ್ರವನ್ನು ಹಳದಿ ಮಾಡುತ್ತದೆ. ಹಗಲು ಬೆಳಕಿನಲ್ಲಿ ಇದು ಹೆಚ್ಚು, ಹ್ಯಾಲೊಜನ್ನಿನಲ್ಲಿ ಕಡಿಮೆ. ಅಂದರೆ ತಪ್ಪು ಕೂಡ ಎಲ್ಲ ಕಡೆ ಒಂದೇ ಸಮ ಬರುವುದಿಲ್ಲ. ಪಂಚೆಯನ್ನೇ ಬಿಳಿ ಎಂದು ಹಿಡಿಯುವುದೂ ಬೇಡ. ನೀಲಿ ಹಾಕಿ ಒಗೆದ ಬಟ್ಟೆ ಕಣ್ಣಿಗೆ ಬಿಳಿ, ಕ್ಯಾಮೆರಾಕ್ಕೆ ನೀಲಿ.

ಬೆಳಕು ಸರಿಯಾಗದೆ ಕಾರ್ಡು ತೆಗೆಯಬೇಡಿ

ಈ ಕೆಲಸಕ್ಕೆ ಪರದೆ ಏಳುವ ಮೊದಲು ಇಪ್ಪತ್ತು ನಿಮಿಷ ಸಾಕು, ಆದರೆ ಆ ಇಪ್ಪತ್ತು ನಿಮಿಷ ಲೈಟಿನವರು ನಿಮ್ಮ ಜೊತೆಗಿರಬೇಕು. ಚೌಕಿಯಲ್ಲಿ ಬಣ್ಣ ಹಚ್ಚುವುದು ನಡೆಯುತ್ತಿರುವಾಗಲೇ ಅವರನ್ನು ಕೇಳಿಕೊಳ್ಳಿ: ಕೆಂಪು, ನೀಲಿ, ಹಸಿರು ಎಲ್ಲ ಆರಿಸಿ, ಮುಖದ ಮೇಲೆ ಬೀಳುವ ಬಿಳಿ ಬೆಳಕನ್ನಷ್ಟೇ ಉರಿಸಿ, ಅದೂ ಆಟದ ಹೊತ್ತಿಗೆ ಎಷ್ಟು ಇರುತ್ತದೋ ಅಷ್ಟೇ ಮಟ್ಟದಲ್ಲಿ.

ಮಟ್ಟದ ಮಾತು ಏಕೆಂದರೆ, ಹ್ಯಾಲೊಜನ್ ದೀಪವನ್ನು ಡಿಮ್ಮರಿನಲ್ಲಿ ಇಳಿಸಿದರೆ ಬೆಳಕು ಕಡಿಮೆಯಾಗುವುದರ ಜೊತೆಗೆ ಬಣ್ಣವೂ ಕೆಂಪಿನತ್ತ ಜಾರುತ್ತದೆ. ಪೂರ್ತಿ ಉರಿಯುವಾಗ ಸುಮಾರು 3200 ಕೆಲ್ವಿನ್ ಇದ್ದದ್ದು ಅರ್ಧಕ್ಕೆ ಇಳಿಸಿದಾಗ ಕೆಲವು ನೂರು ಕೆಲ್ವಿನ್ ಕೆಳಗೆ ಹೋಗಿರುತ್ತದೆ. ಪೂರ್ತಿ ಬೆಳಕಿನಲ್ಲಿ ಕಾರ್ಡು ತೋರಿಸಿ, ಆಟ ಅರ್ಧ ಬೆಳಕಿನಲ್ಲಿ ನಡೆದರೆ ರಾತ್ರಿಯಿಡೀ ಎಲ್ಲರೂ ಕಿತ್ತಳೆ. ಎಲ್‌ಇಡಿಯಲ್ಲಿ ಈ ಜಾರುವಿಕೆ ಇಷ್ಟಿಲ್ಲ.

ಎಲ್‌ಇಡಿಯ ತೊಂದರೆ ಬೇರೆ. ಈಗ ಬಾಡಿಗೆಗೆ ಬರುವ ಪಾರ್ ದೀಪಗಳಲ್ಲಿ ಕೆಲವಕ್ಕೆ ಕೆಂಪು, ಹಸಿರು, ನೀಲಿ ಮೂರೇ ಬಣ್ಣದ ಚಿಪ್. ಮೂರನ್ನೂ ಒಟ್ಟಿಗೆ ಉರಿಸಿ ‘ಬಿಳಿ’ ಮಾಡುತ್ತಾರೆ. ಕಣ್ಣಿಗೆ ಅದು ಬಿಳಿಯೇ, ಆದರೆ ನಡುವಿನ ಹಳದಿ ಮತ್ತು ಕಿತ್ತಳೆ ಭಾಗ ಆ ಬೆಳಕಿನಲ್ಲಿ ತೀರಾ ಕಡಿಮೆ. ಎರಡು ಕಂಪನಿಗಳ ಸೆನ್ಸರುಗಳು ಅತಿ ಹೆಚ್ಚು ಜಗಳವಾಡುವುದು ಇದೇ ಬೆಳಕಿನಲ್ಲಿ. ಕಾರ್ಡು ಎರಡರಲ್ಲೂ ಬೂದು ಬಣ್ಣವಾಗಿ ಕಂಡರೂ ಮುಖ ಒಂದರಲ್ಲಿ ಗುಲಾಬಿ, ಇನ್ನೊಂದರಲ್ಲಿ ಹಳದಿ. ಬಿಳಿ ಚಿಪ್ ಪ್ರತ್ಯೇಕವಾಗಿರುವ ದೀಪವಿದ್ದರೆ ಮುಖಕ್ಕೆ ಅದನ್ನೇ, ಬಿಳಿ ಚಾನೆಲ್ಲನ್ನು ಮಾತ್ರ ಉರಿಸಿ, ಹಾಕಲು ಹೇಳಿ. ಮೂರು ಬಣ್ಣದವು ಹಿನ್ನೆಲೆಗೆ ಹೋಗಲಿ. ಈ ಒಂದು ಬದಲಾವಣೆ ಸಾಧ್ಯವಾದರೆ ಮುಂದಿನ ಕೆಲಸ ಅರ್ಧಕ್ಕೆ ಇಳಿಯುತ್ತದೆ, ಅದಕ್ಕಾಗಿ ಲೈಟಿನವರನ್ನು ಎರಡು ಸಲ ಕೇಳಿಕೊಂಡರೂ ಪರವಾಗಿಲ್ಲ.

ಹಿಂದೆ ಎಲ್‌ಇಡಿ ಪರದೆ ಇದ್ದರೆ ಅದನ್ನೂ ನೋಡಿ. ಅದು ಸಾಮಾನ್ಯವಾಗಿ 6500 ಕೆಲ್ವಿನ್ ಅಥವಾ ಅದಕ್ಕಿಂತ ನೀಲಿಯಾಗಿ ಉರಿಯುತ್ತದೆ. ಮುಖಕ್ಕೆ 3200ರ ಹ್ಯಾಲೊಜನ್ ಇದ್ದಾಗ ಹಿಂದಿನ ದೇವಸ್ಥಾನದ ಚಿತ್ರ ಕಡುನೀಲಿಯಾಗುತ್ತದೆ. ಪರದೆಯವರು ಪ್ರಖರತೆ ಇಳಿಸಿ ಬಣ್ಣವನ್ನು ಹಳದಿಯತ್ತ ತಿರುಗಿಸಬಲ್ಲರು. ಅವರು ಒಪ್ಪದಿದ್ದರೆ ಮುಖವನ್ನೇ ಆಧಾರವಾಗಿಟ್ಟುಕೊಂಡು ಪರದೆ ನೀಲಿಯಾಗಲು ಬಿಡಿ.

ಮಧ್ಯಾಹ್ನ ಮೂರಕ್ಕೆ ಶುರುವಾಗುವ ಆಟಗಳಲ್ಲಿ ಬದಿಯ ಕಿಟಕಿ ದೊಡ್ಡ ಶತ್ರು. ಮುಂಬಯಿಯಲ್ಲಿ ನವೆಂಬರ್ ಕೊನೆಗೆ ಸೂರ್ಯ ಸುಮಾರು ಆರಕ್ಕೇ ಮುಳುಗುತ್ತಾನೆ, ಜುಲೈಯಲ್ಲಿ ಏಳು ಕಾಲು ದಾಟುತ್ತದೆ. ಕಿಟಕಿಯ ಬೆಳಕು ರಂಗಸ್ಥಳಕ್ಕೆ ಬೀಳುತ್ತಿದ್ದರೆ ಪರದೆ ಎಳೆಸಿ. ಎಳೆಯಲಾಗದಿದ್ದರೆ ಮಧ್ಯಂತರದಲ್ಲಿ ಎಲ್ಲ ಕ್ಯಾಮೆರಾಗಳಿಗೂ ಮತ್ತೊಮ್ಮೆ ಕಾರ್ಡು ತೋರಿಸಲೇಬೇಕು. ಮಳೆಗಾಲದಲ್ಲಿ ಸೊಸೈಟಿಯ ಅಂಗಳದಲ್ಲೋ ತಾರಸಿಯಲ್ಲೋ ನೀಲಿ ತಾಡಪತ್ರಿಯ ಕೆಳಗೆ ಕಾರ್ಯಕ್ರಮವಾದರೆ, ಅಲ್ಲಿ ಕ್ಯಾಮೆರಾದಲ್ಲಿ ಮೊದಲೇ ಇರುವ ‘ಮೋಡ’, ‘ನೆರಳು’ ಗುರುತುಗಳು ಯಾವುವೂ ನಡೆಯುವುದಿಲ್ಲ. ತಾಡಪತ್ರಿ ಸೋಸಿ ಬಿಡುವ ಬೆಳಕು ಯಾವ ಲೆಕ್ಕಕ್ಕೂ ಸಿಗದ ನೀಲಿ. ಕಾರ್ಡು ಹಿಡಿದು ಕಸ್ಟಮ್ ವೈಟ್ ಬ್ಯಾಲೆನ್ಸ್ ತೆಗೆಯುವುದೊಂದೇ ದಾರಿ.

ಕ್ಯಾಮೆರಾಗಳಲ್ಲಿ ಮೊದಲು ಆಫ್ ಮಾಡಬೇಕಾದದ್ದು, ಹೊಂದಿಸಬೇಕಾದದ್ದು

ಸೋನಿಯಲ್ಲಿ ಡಿ-ರೇಂಜ್ ಆಪ್ಟಿಮೈಸರ್, ಕ್ಯಾನನ್ನಿನಲ್ಲಿ ಆಟೋ ಲೈಟಿಂಗ್ ಆಪ್ಟಿಮೈಸರ್, ನಿಕಾನಿನಲ್ಲಿ ಆ್ಯಕ್ಟಿವ್ ಡಿ-ಲೈಟಿಂಗ್, ಇವೆಲ್ಲ ಆಫ್. ಇವು ನೆರಳನ್ನು ತಾವಾಗಿಯೇ ಎತ್ತಿ ಇಳಿಸಿ ಹೋಲಿಕೆಯನ್ನೇ ಕೆಡಿಸುತ್ತವೆ. ಬಣ್ಣದ ಪ್ರೊಫೈಲ್ ಎಲ್ಲದರಲ್ಲೂ ನ್ಯೂಟ್ರಲ್ ಇರಲಿ. ‘ವಿವಿಡ್’ ಒಂದರಲ್ಲಿ, ‘ಪೋರ್ಟ್ರೇಟ್’ ಇನ್ನೊಂದರಲ್ಲಿ ಇದ್ದರೆ ವೈಟ್ ಬ್ಯಾಲೆನ್ಸ್ ಎಷ್ಟು ಸರಿ ಮಾಡಿದರೂ ಅವು ಹೊಂದವು. ಲಾಗ್‌ನಲ್ಲಿ (ಎಡಿಟಿಂಗಿನಲ್ಲಿ ತಿದ್ದಲೆಂದೇ ಬಣ್ಣ ಸಪ್ಪೆಯಾಗಿ ದಾಖಲಿಸುವ ಪ್ರೊಫೈಲ್) ತೆಗೆಯುವುದಾದರೆ ಎಲ್ಲವೂ ಲಾಗ್.

ಶಟರ್ 1/50, ಫ್ರೇಮ್ ರೇಟ್ 25. ನಮ್ಮ ಕರೆಂಟು 50 ಹರ್ಟ್ಸ್, ಹಳೆ ಚೋಕಿನ ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಮತ್ತು ಆ ಒಂದು ಮಿನುಗಿನೊಳಗೇ ಅವುಗಳ ಬಣ್ಣ ಬದಲಾಗುತ್ತದೆ. ಶಟರ್ 1/250 ಇಟ್ಟು ಕಾರ್ಡು ತೋರಿಸಿದರೆ ಕ್ಯಾಮೆರಾ ಆ ಮಿನುಗಿನ ಒಂದು ತುಣುಕನ್ನಷ್ಟೇ ಹಿಡಿಯುತ್ತದೆ. ಮೂರು ಸಲ ಮಾಡಿದರೆ ಮೂರು ಬೇರೆ ಉತ್ತರ ಬರುತ್ತದೆ. 1/50 ಅಥವಾ 1/100ರಲ್ಲಿ ಪೂರ್ತಿ ಮಿನುಗು ಒಳಗೆ ಬರುವುದರಿಂದ ಉತ್ತರ ಸ್ಥಿರ.

ತಿರುಗಿಸಿ ಬೆಳಕು ತಗ್ಗಿಸುವ ವೇರಿಯಬಲ್ ಎನ್‌ಡಿ ಫಿಲ್ಟರ್ ಹಾಕುವುದಿದ್ದರೆ ಈಗಲೇ ಹಾಕಿ, ಆಟಕ್ಕೆ ಬೇಕಾದಷ್ಟು ತಿರುಗಿಸಿಡಿ. ಅದು ತನ್ನದೇ ಛಾಯೆ ಸೇರಿಸುತ್ತದೆ, ತಿರುಗಿಸಿದಂತೆ ಆ ಛಾಯೆ ಬದಲಾಗುತ್ತದೆ. ಲೆನ್ಸಿಗೂ ಈ ಮಾತು ಸಲ್ಲುತ್ತದೆ: ಬೇರೆ ಕಂಪನಿಯ ಲೆನ್ಸ್ ಹಾಕಿದರೆ ಮತ್ತೆ ಕಾರ್ಡು.

ಕಾರ್ಡು ಹಿಡಿಯುವ ರೀತಿ

ವೇಷಧಾರಿ ಹೆಚ್ಚು ಹೊತ್ತು ನಿಲ್ಲುವ ಜಾಗದಲ್ಲಿ, ಎದೆಯ ಎತ್ತರಕ್ಕೆ ಕಾರ್ಡು ಇರಬೇಕು. ಹಿಡಿಯುವವರು ಗಾಢ ಬಣ್ಣದ ಅಂಗಿ ತೊಟ್ಟಿದ್ದರೆ ಕೈ ಚಾಚಿ ಮೈಯಿಂದ ದೂರ ಹಿಡಿಯಲಿ, ಹಸಿರು ಅಂಗಿಯ ಪ್ರತಿಫಲನ ಕಾರ್ಡಿನ ಮೇಲೆ ಬಿದ್ದರೆ ಕ್ಯಾಮೆರಾ ಮೆಜೆಂಟಾ ಸೇರಿಸುತ್ತದೆ. ಕಾರ್ಡು ಹೊಳೆಯದಂತೆ ಸ್ವಲ್ಪ ಕೆಳಮುಖವಾಗಿ ಬಾಗಿಸಿ. ಬದಿಯ ಕ್ಯಾಮೆರಾದ ಸರದಿ ಬಂದಾಗ ಕಾರ್ಡನ್ನು ಪೂರ್ತಿ ಅದರತ್ತ ತಿರುಗಿಸಿಬಿಟ್ಟರೆ ಮುಖ್ಯ ಬೆಳಕು ತಪ್ಪಿ ರಂಗದ ಬದಿಯ ವಿಂಗಿನ ದೀಪದ ಬೆಳಕು ಬೀಳುತ್ತದೆ. ಮುಖ್ಯ ದೀಪ ಮತ್ತು ಆ ಕ್ಯಾಮೆರಾದ ನಡುವಿನ ದಿಕ್ಕಿಗೆ ತಿರುಗಿಸಿದರೆ ಸಾಕು.

ಫ್ರೇಮಿನ ಮಧ್ಯಭಾಗವೆಲ್ಲ ಕಾರ್ಡೇ ತುಂಬಬೇಕು. ಹಿಂದಿನ ಸಾಲಿನ ಕ್ಯಾಮೆರಾಕ್ಕೆ ಜೂಮ್ ಇದ್ದರೆ ಸರಿ. ವೈಡ್ ಲೆನ್ಸಿನದಾದರೆ ಕಾರ್ಡನ್ನು ಕ್ಯಾಮೆರಾದ ಬಳಿ ತರಬೇಡಿ, ಅಲ್ಲಿನ ಬೆಳಕು ಪ್ರೇಕ್ಷಕರ ಟ್ಯೂಬ್‌ಲೈಟಿನದು. ಕ್ಯಾಮೆರಾವನ್ನೇ ಸ್ಟ್ಯಾಂಡಿನಿಂದ ಇಳಿಸಿ ರಂಗದ ಬಳಿ ಒಯ್ದು, ವೈಟ್ ಬ್ಯಾಲೆನ್ಸ್ ತೆಗೆದು, ಜಾಗಕ್ಕೆ ಮರಳಿಸಿ.

ಎಕ್ಸ್‌ಪೋಶರನ್ನು ಕಾರ್ಡಿನ ಮೇಲೇ ಅಳೆಯಿರಿ. ಸಾಮಾನ್ಯ ಪ್ರೊಫೈಲಿನಲ್ಲಿ, ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್‌ನಲ್ಲಿ ಶೇಕಡಾ 40ರಿಂದ 45ರ ಆಸುಪಾಸು ಬರಲಿ, ಹಿಸ್ಟೋಗ್ರಾಮಿನಲ್ಲಾದರೆ ನಡುವೆ ಒಂದು ಚೂಪು. ತೀರಾ ಬೆಳಕಾದರೆ ಒಂದು ಬಣ್ಣ ಮೊದಲು ತುಂಬಿ ಹೋಗುತ್ತದೆ, ಉಳಿದೆರಡರ ಅನುಪಾತ ತಪ್ಪುತ್ತದೆ.

ಒಂದೊಂದು ಕ್ಯಾಮೆರಾದಲ್ಲಿ

ಸೋನಿಯಲ್ಲಿ ವೈಟ್ ಬ್ಯಾಲೆನ್ಸ್ ಪಟ್ಟಿಯಲ್ಲಿ ಕಸ್ಟಮ್ 1ರಿಂದ 3ರಲ್ಲಿ ಒಂದನ್ನು ಆರಿಸಿ, ಸೆಟ್ ಒತ್ತಿ, ಮಧ್ಯದ ಗುರುತಿನೊಳಗೆ ಕಾರ್ಡು ಬರುವಂತೆ ಹಿಡಿಯಬೇಕು. ಕೂಡಲೇ ಕೆಲ್ವಿನ್ ಮತ್ತು ಟಿಂಟ್ ಎರಡೂ ತೆರೆಯ ಮೇಲೆ ಬರುತ್ತವೆ. ಬರೆದಿಟ್ಟುಕೊಳ್ಳಿ.

ಕ್ಯಾನನ್ನಿನ ಫೋಟೋ ಕ್ಯಾಮೆರಾಗಳಲ್ಲಿ ಕೆಲಸ ಮೂರು ಹಂತದ್ದು. ಮೊದಲು ಕಾರ್ಡಿನ ಒಂದು ಫೋಟೋ ತೆಗೆಯಬೇಕು. ಆಮೇಲೆ ಮೆನುವಿನ ಕಸ್ಟಮ್ ವೈಟ್ ಬ್ಯಾಲೆನ್ಸಿಗೆ ಹೋಗಿ ಆ ಫೋಟೋವನ್ನು ಆರಿಸಬೇಕು. ಕೊನೆಗೆ ವೈಟ್ ಬ್ಯಾಲೆನ್ಸ್ ಪಟ್ಟಿಗೆ ಹಿಂತಿರುಗಿ ಕಸ್ಟಮ್ ಗುರುತನ್ನು ಆರಿಸಬೇಕು. ಈ ಕೊನೆಯ ಹಂತ ಮರೆಯುವವರೇ ಹೆಚ್ಚು. ಫೋಟೋ ತೆಗೆದದ್ದಾಯಿತು, ಆರಿಸಿದ್ದಾಯಿತು, ಕ್ಯಾಮೆರಾ ಮಾತ್ರ ಇನ್ನೂ ಆಟೋದಲ್ಲೇ ಇರುತ್ತದೆ.

ನಿಕಾನಿನಲ್ಲಿ ಪ್ರಿಸೆಟ್ ಮ್ಯಾನ್ಯುಯಲ್, ಪ್ಯಾನಸೋನಿಕ್ಕಿನಲ್ಲಿ ವೈಟ್ ಸೆಟ್, ಎರಡೂ ನೇರವಾಗಿವೆ. ಯಾವ ಕಂಪನಿಯದೇ ಆಗಲಿ, ಫೋಟೋಗೆ ಒಂದು, ವಿಡಿಯೋಗೆ ಒಂದು ಎಂದು ವೈಟ್ ಬ್ಯಾಲೆನ್ಸನ್ನು ಬೇರೆ ಬೇರೆ ಇಟ್ಟುಕೊಳ್ಳುವ ಕ್ಯಾಮೆರಾಗಳಿವೆ. ಸೆಟ್ ಮಾಡಿದ ಮೇಲೆ ವಿಡಿಯೋ ಮೋಡಿಗೆ ತಿರುಗಿಸಿ, ಗುರುತು ಉಳಿದಿದೆಯೇ ಎಂದು ನೋಡಿ.

ಫೋನಿಗೆ ಅದರದೇ ಕ್ಯಾಮೆರಾ ಆ್ಯಪ್ ನಂಬಬೇಡಿ. ಕೆಂಪು ಪಗಡಿಯ ವೇಷ ಹತ್ತಿರ ಬಂದೊಡನೆ ಅದು ಕೆಂಪು ಹೆಚ್ಚಾಯಿತೆಂದು ಲೆಕ್ಕ ಹಾಕಿ ಇಡೀ ಚಿತ್ರವನ್ನು ನೀಲಿಹಸಿರಿನತ್ತ ಎಳೆಯುತ್ತದೆ, ವೇಷ ಹಿಂದೆ ಸರಿದಾಗ ಮತ್ತೆ ಬಿಡುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ, ಅದರಲ್ಲಿ ಕೆಲ್ವಿನ್ ಮತ್ತು ಟಿಂಟ್ ಎರಡನ್ನೂ ಕೈಯಿಂದ ಇಟ್ಟು ಬೀಗ ಹಾಕಬಹುದು. ಒಂದೇ ಲೆನ್ಸಿನಲ್ಲಿ ಉಳಿಯಿರಿ. ಫೋನಿನ ವೈಡ್ ಮತ್ತು ಟೆಲಿ ಎರಡು ಬೇರೆ ಕ್ಯಾಮೆರಾಗಳೇ, ಅವುಗಳ ಬಣ್ಣವೂ ಬೇರೆ. ಗೋಪ್ರೋ ಇದ್ದರೆ ಆಟೋ ಬಿಡಿಸಿ ಹತ್ತಿರದ ಕೆಲ್ವಿನ್ ಅಂಕಿಯೊಂದನ್ನು ಇಟ್ಟುಬಿಡಿ.

ಉಳಿದ ವ್ಯತ್ಯಾಸ ಕಳೆಯುವುದು

ಎಲ್ಲ ಕ್ಯಾಮೆರಾಗಳಿಗೂ ಕಾರ್ಡು ತೋರಿಸಿ ಆಯಿತು. ಈಗ ಪ್ರತಿ ಕ್ಯಾಮೆರಾವನ್ನು ಒಂದಾದ ಮೇಲೊಂದರಂತೆ ಅದೇ ಒಂದು ಮಾನಿಟರಿಗೆ ಜೋಡಿಸಿ ನೋಡಿ. ಕ್ಯಾಮೆರಾದ ಬೆನ್ನಿನ ಪರದೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ನೀವು ಪರದೆಗಳ ವ್ಯತ್ಯಾಸ ನೋಡುತ್ತಿದ್ದೀರಿ, ಚಿತ್ರದ್ದಲ್ಲ.

ಕಾರ್ಡು ಫ್ರೇಮ್ ತುಂಬಿದಾಗ ವೆಕ್ಟರ್‌ಸ್ಕೋಪಿನ ಚುಕ್ಕಿ ನಟ್ಟನಡುವೆ ಕೂರಬೇಕು, ಪೆರೇಡಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಒಂದೇ ಎತ್ತರದಲ್ಲಿರಬೇಕು. ಯಾವುದೋ ಒಂದು ಕ್ಯಾಮೆರಾ ಸ್ವಲ್ಪ ಆಚೀಚೆ ಇರುವುದು ಖಂಡಿತ. ಇಲ್ಲಿ ಒಂದು ತೀರ್ಮಾನ ಬೇಕು: ಯಾರಿಗೆ ಯಾರು ಹೊಂದಬೇಕು? ತಿದ್ದಲು ಅತಿ ಕಡಿಮೆ ಅವಕಾಶ ಇರುವ ಕ್ಯಾಮೆರಾವನ್ನು ಆಧಾರವಾಗಿಡಿ. ಗೋಪ್ರೋ ಇದ್ದರೆ ಅದು, ಇಲ್ಲವಾದರೆ ಫೋನು. ಒಳ್ಳೆಯ ಕ್ಯಾಮೆರಾಗಳಿಗೆ ಎರಡೂ ದಿಕ್ಕಿನಲ್ಲಿ ಸರಿಯುವ ಸೌಕರ್ಯವಿದೆ, ಅವೇ ಇಳಿದು ಬರಲಿ. ಆ ಚಿಕ್ಕ ಕ್ಯಾಮೆರಾದಿಂದ ಬಳಸುವುದು ಎರಡು ಮೂರು ಶಾಟು ಮಾತ್ರ ಎಂದಾದರೆ ಈ ಕಷ್ಟ ಬೇಡ, ಎದುರಿನ ಮುಖ್ಯ ಕ್ಯಾಮೆರಾವೇ ಆಧಾರವಾಗಲಿ.

ತಿದ್ದಲು ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಶಿಫ್ಟ್ ಎಂಬ ಚೌಕಟ್ಟು ಬಳಸಿ, ಅಡ್ಡಕ್ಕೆ ನೀಲಿ-ಅಂಬರ್, ಉದ್ದಕ್ಕೆ ಹಸಿರು-ಮೆಜೆಂಟಾ. ಚುಕ್ಕಿ ಹಸಿರಿನತ್ತ ವಾಲಿದ್ದರೆ ಮೆಜೆಂಟಾ ಒಂದು ಹೆಜ್ಜೆ, ನೋಡಿ, ಮತ್ತೊಂದು ಹೆಜ್ಜೆ. ಕ್ಯಾನನ್, ನಿಕಾನ್‌ಗಳಲ್ಲಿ ನೀಲಿ-ಅಂಬರ್ ದಿಕ್ಕಿನ ಒಂದು ಹೆಜ್ಜೆ ಸುಮಾರು 5 ಮೈರೆಡ್. ಹತ್ತು ಲಕ್ಷವನ್ನು ಕೆಲ್ವಿನ್‌ನಿಂದ ಭಾಗಿಸಿದರೆ ಬರುವುದೇ ಮೈರೆಡ್, ಕಣ್ಣು ಕಾಣುವ ವ್ಯತ್ಯಾಸಕ್ಕೆ ಅದು ಕೆಲ್ವಿನ್‌ಗಿಂತ ಹತ್ತಿರ. 3200ರಿಂದ 3400ಕ್ಕೆ ಹೋದರೆ 18 ಮೈರೆಡ್ ಸರಿದಂತೆ, 5600ರಿಂದ 5800ಕ್ಕೆ ಹೋದರೆ ಬರೀ 6. ಹ್ಯಾಲೊಜನ್ ಕೆಳಗೆ 200 ಕೆಲ್ವಿನ್ ತಪ್ಪಿದರೆ ಎದ್ದು ಕಾಣುವುದೂ ಬಿಸಿಲಿನಲ್ಲಿ ಅಷ್ಟೇ ತಪ್ಪಿದರೆ ಕಾಣದಿರುವುದೂ ಇದರಿಂದಲೇ.

ಕಾರ್ಡು ಹೊಂದಿದ ಮೇಲೆ ಚರ್ಮದ ಬಣ್ಣ ನೋಡಬೇಕು. ಯಕ್ಷಗಾನದಲ್ಲಿ ವೇಷಧಾರಿಗಳ ಮುಖ ಇದಕ್ಕೆ ಬರುವುದಿಲ್ಲ, ಅದು ಹಚ್ಚಿದ ಬಣ್ಣ. ಹಿಮ್ಮೇಳದತ್ತ ತಿರುಗಿಸಿ. ಭಾಗವತರ, ಮದ್ದಲೆಯವರ, ಚೆಂಡೆಯವರ ಬಣ್ಣ ಹಚ್ಚದ ಮುಖಗಳು ಅಲ್ಲಿವೆ. ವೆಕ್ಟರ್‌ಸ್ಕೋಪಿನಲ್ಲಿ ಚರ್ಮಕ್ಕೆಂದೇ ಎಳೆದಿರುವ ಓರೆಗೆರೆಯ ಮೇಲೆ, ಅಥವಾ ಅದರ ತೀರಾ ಹತ್ತಿರ, ಆ ಮುಖಗಳು ಎಲ್ಲ ಕ್ಯಾಮೆರಾಗಳಲ್ಲೂ ಬೀಳಬೇಕು. ಬಣ್ಣದ ವೇಷ ಬಂದಾಗ ಮುಖಕ್ಕಿಟ್ಟ ಚಿಟ್ಟಿಯ (ಬಿಳಿ ಚುಕ್ಕಿಗಳ) ಬಿಳಿ ತುಂಬಿ ಹೋಗದಂತೆ ಎಕ್ಸ್‌ಪೋಶರ್ ನೋಡಿಕೊಳ್ಳಿ. ಮುಖದ ಮೇಲಿನ ಆ ಕೆಲಸಕ್ಕೆ ಗಂಟೆಗಟ್ಟಲೆ ಹೋಗಿರುತ್ತದೆ, ಅದು ಬರೀ ಬಿಳಿ ತೇಪೆಯಾಗಿ ಉಳಿಯಬಾರದು.

ಕಾರ್ಡು, ಚರ್ಮ ಎರಡೂ ಹೊಂದಿ, ಕೆಂಪು ಮಾತ್ರ ಹೊಂದದಿದ್ದರೆ ಗಾಬರಿ ಬೇಡ. ವೈಟ್ ಬ್ಯಾಲೆನ್ಸ್ ಸರಿಪಡಿಸುವುದು ಬೂದು ಮತ್ತು ಬಿಳಿಯನ್ನು. ಕಡುಕೆಂಪು, ಕಡುಹಸಿರು ಸೆನ್ಸರಿನ ಫಿಲ್ಟರುಗಳಿಗೆ ಸೇರಿದ ವಿಷಯ, ಅದನ್ನು ಎಡಿಟಿಂಗಿಗೆ ಬಿಡಿ. ಅದಕ್ಕಾಗಿಯೇ ದೀಪ ಬದಲಾಗುವ ಮೊದಲು ಎಲ್ಲ ಕ್ಯಾಮೆರಾಗಳಲ್ಲೂ ಗ್ರೇ ಕಾರ್ಡು ಮತ್ತು ಕಲರ್ ಚೆಕರನ್ನು ಹತ್ತು ಸೆಕೆಂಡು ರೆಕಾರ್ಡ್ ಮಾಡಿಡಬೇಕು.

ಆಟ ನಡೆಯುತ್ತಿರುವಾಗ ವೈಟ್ ಬ್ಯಾಲೆನ್ಸ್ ಮುಟ್ಟಬಾರದು. ಲೈಟಿನವರು ಕೆಂಪು ಹಾಕಿದರೆ ಚಿತ್ರ ಕೆಂಪಾಗಿಯೇ ಇರಲಿ. ರಾಕ್ಷಸನ ಒಡ್ಡೋಲಗಕ್ಕೆ ಹಾಕಿದ ಬಣ್ಣವನ್ನು ತೊಳೆದು ಬಿಳಿ ಮಾಡಲು ನಮಗೆ ಹಕ್ಕಿಲ್ಲ.

ಎಡಿಟಿಂಗಿನಲ್ಲಿ

ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿ ಈ ಕೆಲಸಕ್ಕೆ ಸಾಕು. ಒಂದೊಂದು ಕ್ಯಾಮೆರಾದ ಕ್ಲಿಪ್ಪುಗಳನ್ನು ಒಂದೊಂದು ಗ್ರೂಪ್ ಮಾಡಿ, ತಿದ್ದುವಿಕೆಯನ್ನು ಗ್ರೂಪ್ ಪ್ರೀ-ಕ್ಲಿಪ್‌ನಲ್ಲಿ ಮಾಡಿ. ಹತ್ತು ಸೆಕೆಂಡಿನ ಆ ಕಾರ್ಡಿನ ಮೇಲೆ ಒಮ್ಮೆ ತಿದ್ದಿದರೆ ಆ ಕ್ಯಾಮೆರಾದ ಎಲ್ಲ ಶಾಟುಗಳಿಗೂ ಅದು ಹರಡುತ್ತದೆ. ಲಾಗ್ ಆದರೆ ಮೊದಲು ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್ ಹಾಕಿ ಸಾಮಾನ್ಯ ಬಣ್ಣಕ್ಕೆ ತನ್ನಿ. ಆಮೇಲೆ ಕ್ರಮ ಹೀಗೆ: ಎಕ್ಸ್‌ಪೋಶರ್, ನಂತರ ಟೆಂಪ್ ಮತ್ತು ಟಿಂಟ್, ಕೊನೆಗೆ ಸ್ಯಾಚುರೇಶನ್. ಎಕ್ಸ್‌ಪೋಶರ್ ಬಿಟ್ಟು ಬಣ್ಣಕ್ಕೆ ಕೈಹಾಕಿದರೆ ಕತ್ತಲಾದ ಶಾಟು ಕೊನೆಯವರೆಗೂ ಹಳದಿಯೆಂದೇ ಅನಿಸುತ್ತಿರುತ್ತದೆ. ಕೆಂಪು, ಹಸಿರಿನ ವ್ಯತ್ಯಾಸಕ್ಕೆ ಕಲರ್ ಮ್ಯಾಚ್‌ನಲ್ಲಿ 24 ಚೌಕಗಳ ಮೇಲೆ ಜಾಲರಿ ಕೂರಿಸಿ ಮ್ಯಾಚ್ ಒತ್ತಿ, ಮಿಕ್ಕದ್ದನ್ನು ಹ್ಯೂ ವರ್ಸಸ್ ಹ್ಯೂ ಗೆರೆಯಲ್ಲಿ ಕೈಯಿಂದ ತಿದ್ದಿ.

8 ಬಿಟ್ ವಿಡಿಯೋದಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಕೆಲವು ನೂರು ಕೆಲ್ವಿನ್ ಸರಿಸುವುದನ್ನು ಅದು ತಾಳುತ್ತದೆ. ಆದರೆ 5600ಕ್ಕೆ ಇಟ್ಟು ಹ್ಯಾಲೊಜನ್ ಕೆಳಗೆ ತೆಗೆದದ್ದನ್ನು ಬಿಳಿಗೆ ತರಲು ಹೋದರೆ, ಮೊದಲೇ ಬಡವಾದ ನೀಲಿ ಚಾನೆಲ್ಲನ್ನು ಎಳೆದೆಳೆದು ನೆರಳಿನಲ್ಲೆಲ್ಲ ಕಾಳುಕಾಳು ನಾಯ್ಸ್ ಬರುತ್ತದೆ.

ಸ್ವಿಚರ್ (ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬದಲಿಸುವ ಯಂತ್ರ) ಮೂಲಕ ನೇರ ಪ್ರಸಾರ ಮಾಡುವಾಗ ಈ ಎಡಿಟಿಂಗಿನ ಅವಕಾಶವೇ ಇಲ್ಲ, ರಂಗದ ಮೇಲೆ ಹೊಂದಿಸಿದ್ದೇ ಕೊನೆಯದು. ಆಗ ಗ್ರೇ ಕಾರ್ಡನ್ನು ಚೀಲಕ್ಕೆ ಹಾಕದೆ ಒಬ್ಬರ ಕೈಯಲ್ಲಿ ಕೊಟ್ಟಿಡಿ. ಬ್ಯಾಟರಿ ಬದಲಾದಾಗ, ಲೆನ್ಸ್ ಬದಲಾದಾಗ, ಕರೆಂಟು ಹೋಗಿ ಬಂದಾಗ, ಮಧ್ಯಂತರದಲ್ಲಿ, ಪ್ರಸಾರದಲ್ಲಿ ಪ್ರಾಯೋಜಕರ ಫಲಕ ಓಡುತ್ತಿರುವ ಆ ಒಂದು ನಿಮಿಷದೊಳಗೆ, ಬಿಳಿ ಬೆಳಕಿನಲ್ಲಿ ಕಾರ್ಡು ಎತ್ತಿ ಹಿಡಿದು ಸ್ವಿಚರಿನ ಮಲ್ಟಿವ್ಯೂನಲ್ಲಿ ಮೂರೂ ಚೌಕಗಳನ್ನು ಒಟ್ಟಿಗೆ ನೋಡಿಬಿಡಿ.